ಹಳೆಯ ಕಾರು, ಕಾಣದ ದೂಳು

ಹಳೆಯ ಮೋಟಾರುಗಳನ್ನು ಹೊಸದಾಗಿಸುವ ಹವ್ಯಾಸ ನಮ್ಮ ಊರುಗಳಲ್ಲಿಯೂ ಬೆಳೆದಿದೆ. ತಂದೆಯ ಕಾಲದ ಅಂಬಾಸಡರ್, ಮಾವನ ಮನೆಯ ಫಿಯೆಟ್, ಷೆಡ್ಡಿನ ಕತ್ತಲೆಯಿಂದ ಹೊರಬಂದು ಮತ್ತೆ ಹೊಳೆಯುತ್ತವೆ. ಇದೂ ಒಂದು ಬಗೆಯ ಜೀರ್ಣೋದ್ಧಾರವೇ. ಗುಡಿಯ ಜೀರ್ಣೋದ್ಧಾರಕ್ಕೆ ಕೈಹಾಕುವವನು ಸಡಿಲವಾದ ಕಲ್ಲು ಯಾವುದೆಂದು ಮೊದಲು ನೋಡಿಕೊಳ್ಳುತ್ತಾನೆ. ಹಳೆಯ ವಾಹನದಲ್ಲಿಯೂ ಅಂಥದೊಂದು ಕಲ್ಲಿದೆ. ಅದು ನಾರಿನ ರೂಪದ ಕಲ್ಲು. ಕಲ್ನಾರು, ಎಂದರೆ ಆಸ್ಬೆಸ್ಟಾಸ್.

ನಮ್ಮ ತಂದೆಯವರ 1960ರ ದಶಕದ ಅಂಬಾಸಡರನ್ನು ಗ್ಯಾರೇಜೊಂದಕ್ಕೆ ಒಯ್ದಿದ್ದೆ. ಬ್ರೇಕಿನ ಡ್ರಮ್ಮು ಕಳಚಿದೊಡನೆ ಕೆಲಸದ ಹುಡುಗ ಗಾಳಿಯ ಕೊಳವೆಯನ್ನು ಹಿಡಿದು ಒಳಗಿನ ದೂಳನ್ನು ಊದಿದ. ಬೂದು ಬಣ್ಣದ ಮೋಡವೆದ್ದು ಅವನ ಕೂದಲ ಮೇಲೆ, ರೆಪ್ಪೆಯ ಮೇಲೆ, ಪಕ್ಕದ ಚಹದ ಲೋಟದ ಮೇಲೆ ಇಳಿಯಿತು. ನಾನು ಆತಂಕಗೊಂಡದ್ದನ್ನು ಕಂಡು ಮೇಸ್ತ್ರಿ, “ಬರೀ ದೂಳು ಸ್ವಾಮಿ. ಮೂವತ್ತು ವರ್ಷದಿಂದ ಹೀಗೇ ಮಾಡ್ತಾ ಇದ್ದೀವಿ, ಏನೂ ಆಗಿಲ್ಲ” ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಮೋಸವೆಲ್ಲ ಇರುವುದು ಆ ಮೂವತ್ತು ವರ್ಷಗಳಲ್ಲಿ.

ಕಲ್ನಾರಿನ ಎಳೆ ಉದ್ದುದ್ದಕ್ಕೆ ಸೀಳುತ್ತ ಹೋಗುತ್ತದೆ. ಕಣ್ಣಿಗೆ ಕಾಣದಷ್ಟು ತೆಳುವಾಗಿ ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ. ವಾಸನೆಯಿಲ್ಲ, ಉರಿಯಿಲ್ಲ. ಉಸಿರಿನೊಡನೆ ಶ್ವಾಸಕೋಶದ ಆಳಕ್ಕಿಳಿದ ಎಳೆಗಳನ್ನೆಲ್ಲ ದೇಹ ಹೊರದೂಡಲಾರದು. ಶ್ವಾಸಕೋಶ ಗಡುಸಾಗುವ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಅದರ ಹೊದಿಕೆಯಲ್ಲಿ ಹುಟ್ಟುವ ಮೀಸೋಥೀಲಿಯೋಮ ಎಂಬ ಕ್ಯಾನ್ಸರ್—ಇವು ತಲೆದೋರಲು ಸಾಮಾನ್ಯವಾಗಿ ಇಪ್ಪತ್ತು, ಮೂವತ್ತು, ನಲವತ್ತು ವರ್ಷಗಳು ಹಿಡಿಯುತ್ತವೆ. ಅಷ್ಟು ಹೊತ್ತಿಗೆ ಆ ದೂಳಿನ ನೆನಪು ಯಾರಿಗೂ ಇರುವುದಿಲ್ಲ.

ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದಲ್ಲಿ ಕಲ್ನಾರನ್ನು ನೂಲುತ್ತಿದ್ದ ನೆಲ್ಲಿ ಕರ್ಷಾ ಎಂಬ ಹೆಣ್ಣುಮಗಳು 1924ರಲ್ಲಿ, ತನ್ನ 33ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅವಳ ಶ್ವಾಸಕೋಶವನ್ನು ಪರೀಕ್ಷಿಸಿದ ಡಾಕ್ಟರ್ ಕುಕ್ ಅವರು 1927ರಲ್ಲಿ ಆ ರೋಗಕ್ಕೆ ಆಸ್ಬೆಸ್ಟೋಸಿಸ್ ಎಂಬ ಹೆಸರನ್ನು ಬಳಸಿದರು. ಲಂಡನ್ನಿನಲ್ಲಿ ನ್ಯೂಹೌಸ್ ಮತ್ತು ಥಾಮ್ಸನ್ ಅವರು 1965ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಸಂಗತಿಯನ್ನು ಹೊರಗೆಡಹಿತು: ಕಾರ್ಖಾನೆಯ ಒಳಗೆ ಕಾಲಿಡದೆ, ಕೆಲಸಗಾರರ ಜತೆ ಒಂದೇ ಮನೆಯಲ್ಲಿದ್ದವರಿಗೂ ಮೀಸೋಥೀಲಿಯೋಮ ತಗಲಿತ್ತು. ದೂಳು ಬಟ್ಟೆಯೊಡನೆ ಮನೆಗೆ ಬಂದಿತ್ತು. ನಮ್ಮ ಸರ್ವೋಚ್ಚ ನ್ಯಾಯಾಲಯವು 1995ರ ತೀರ್ಪಿನಲ್ಲಿ, ಕಲ್ನಾರಿನ ಕೈಗಾರಿಕೆಗಳು ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕನಿಷ್ಠ 40 ವರ್ಷ ಇರಿಸಬೇಕೆಂದು ವಿಧಿಸಿತು. ಗ್ಯಾರೇಜಿನ ಹುಡುಗನ ದಾಖಲೆಯನ್ನು ಇಡುವವರು ಯಾರು?

ಹಳೆಯ ವಾಹನಗಳಲ್ಲಿ ಬ್ರೇಕಿನ ಲೈನಿಂಗು, ಕ್ಲಚ್ ಪ್ಲೇಟು, ಎಂಜಿನ್ನಿನ ಗ್ಯಾಸ್ಕೆಟ್ಟು, ಸೈಲೆನ್ಸರ್ ಕೊಳವೆಯ ಸುತ್ತಿಗೆ, ಬಾನೆಟ್ಟಿನ ಒಳಹೊದಿಕೆ, ಇವುಗಳಲ್ಲಿ ಕಲ್ನಾರು ಇರಬಹುದು. ಕಣ್ಣಿನಿಂದ ನೋಡಿ ಹೇಳಲು ಸಾಧ್ಯವಿಲ್ಲ; ಇದೆ ಎಂದೇ ತಿಳಿದು ಕೆಲಸ ಮಾಡುವುದು ವಿವೇಕ. ಬ್ರೇಕಿನ ಕಾವಿಗೆ ಸವೆದ ಕಲ್ನಾರಿನ ಬಹುಪಾಲು ಬೇರೆ ಖನಿಜವಾಗಿ ಮಾರ್ಪಡುತ್ತದೆ ಎಂಬುದು ನಿಜ. ಆದರೆ ಎಲ್ಲವೂ ಮಾರ್ಪಡುವುದಿಲ್ಲ. ಅದಲ್ಲದೆ ಲೈನಿಂಗನ್ನು ಅರದಿಂದ ಉಜ್ಜಿದಾಗ, ಕೊರೆದಾಗ, ಗ್ಯಾಸ್ಕೆಟ್ಟನ್ನು ಕೆರೆದಾಗ ಏಳುವುದು ಕಾವು ತಾಕದ ದೂಳು. ಹೆಚ್ಚಿನ ಅಪಾಯ ಅಲ್ಲಿದೆ.

ಉಪಾಯದ ಸಾರ ಒಂದೇ ಮಾತಿನಲ್ಲಿದೆ: ದೂಳನ್ನು ಏಳಗೊಡಬಾರದು. ಗಾಳಿಯಿಂದ ಊದಬಾರದು, ಒಣ ಬ್ರಷ್ಷು, ಪೊರಕೆ ಸಲ್ಲದು, ಮನೆಯ ವ್ಯಾಕ್ಯೂಮ್ ಕ್ಲೀನರ್ ಎಳೆಗಳನ್ನು ಹಿಂದಿನಿಂದ ಮತ್ತೆ ಗಾಳಿಗೆ ಬಿಡುತ್ತದೆ. ಸೋಪು ಬೆರೆಸಿದ ನೀರನ್ನು ಮೆಲ್ಲಗೆ ಚಿಮುಕಿಸಿ, ಚೆನ್ನಾಗಿ ನೆನೆದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಬಟ್ಟೆ ಒಣಗುವ ಮೊದಲೇ ಅದನ್ನೂ ಹಳೆಯ ಲೈನಿಂಗನ್ನೂ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಮೇಲೆ ಹೆಸರು ಬರೆಯಬೇಕು. ಗುಜರಿಗೆ ಹಾಕದೆ, ಅದನ್ನು ಎಲ್ಲಿ ಒಪ್ಪಿಸಬೇಕೆಂದು ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ವಿಚಾರಿಸಬೇಕು. ಮೂಗಿಗೆ ಕಟ್ಟಿದ ಕರವಸ್ತ್ರದಿಂದ ಪ್ರಯೋಜನವಿಲ್ಲ. ಮುಖಕ್ಕೆ ಬಿಗಿಯಾಗಿ ಕೂರುವ ಪಿ-100 ಅಥವಾ ಎಫ್‌ಎಫ್‌ಪಿ-3 ದರ್ಜೆಯ ಮುಖವಾಡ ಬೇಕು. ಕೆಲಸದ ಬಟ್ಟೆಯನ್ನು ಅಲ್ಲಿಯೇ ಕಳಚಬೇಕು. ಮನೆಯ ಬಟ್ಟೆಗಳೊಡನೆ ಒಗೆಯಬಾರದು. ಹೊಸ ಲೈನಿಂಗು ಕೊಳ್ಳುವಾಗ ಕಲ್ನಾರಿಲ್ಲದ್ದನ್ನೇ ಕೇಳಿ ಪಡೆಯಬೇಕು. ಉಜ್ಜುವ, ಕೊರೆಯುವ ಕೆಲಸವನ್ನು ತಕ್ಕ ಸಲಕರಣೆಯುಳ್ಳವರಿಗೇ ಬಿಡುವುದು ಲೇಸು.

ಎರಡನೆಯ ಚಕ್ರವನ್ನು ಬಿಚ್ಚುವ ಮೊದಲು ನಾನೇ ಒಂದು ಬಕೆಟ್ ನೀರು ತರಿಸಿದೆ. ಹುಡುಗ ಅನುಮಾನದಿಂದ, “ನೀರು ಬಿದ್ರೆ ಲೈನಿಂಗು ಹಾಳಾಗಲ್ವಾ ಸಾರ್?” ಎಂದು ಕೇಳಿದ.

“ಹೇಗಿದ್ದರೂ ತೆಗೆದುಹಾಕುವ ಲೈನಿಂಗಲ್ಲವೇನಪ್ಪ, ಹಾಳಾಗಲಿ ಬಿಡು” ಎಂದೆ.

ಮೇಸ್ತ್ರಿ ನಕ್ಕರು. ಆದರೆ ಮೂರನೆಯ ಚಕ್ರಕ್ಕೆ ನೀರನ್ನು ತಂದವರು ಅವರೇ.

(ಬಾನುಲಿ ಭಾಷಣ)