ಸುಗ್ಗಿಯ ಕಾಲದಲ್ಲಿ ಕಣ್ಣಿಗೆ ತಗಲುವ ಪೆಟ್ಟುಗಳು

ಸುಗ್ಗಿಯು ಸಮೀಪಿಸಿದಾಗ ಎತ್ತು, ಗಾಡಿ, ಕಣ, ಕಣಜಗಳ ವಿಷಯದಲ್ಲಿ ಯಜಮಾನರು ವಹಿಸುವ ಎಚ್ಚರಿಕೆಯ ಒಂದು ಪಾಲನ್ನು ಆಳುಗಳ ಕಣ್ಣಿನ ಕಡೆಗೂ ತಿರುಗಿಸಬೇಕೆಂದು ಪ್ರಾರ್ಥಿಸಿ ಈ ಲೇಖನವನ್ನು ಬರೆದಿದೆ. ಕುಡುಗೋಲು ತಗಲಿದರೆ, ಎತ್ತು ಹಾಯ್ದರೆ ಊರೇ ಕೂಡಿ ಗಾಯಗೊಂಡವನನ್ನು ಆಸ್ಪತ್ರೆಗೆ ಸಾಗಿಸುವುದುಂಟು. ಆದರೆ ಭತ್ತದ ತೆನೆಯೋ, ಕಬ್ಬಿನ ಗರಿಯೋ, ತೂರುವಾಗ ಹಾರಿದ ಹೊಟ್ಟೋ ಕಣ್ಣನ್ನು ಗೀರಿದರೆ, ಧೂಳು ಬಿತ್ತೆಂದು ಉಜ್ಜಿಕೊಂಡು ಕೆಲಸ ಮುಂದುವರಿಸುವುದೇ ವಾಡಿಕೆ. ಹಳ್ಳಿಗಳಲ್ಲಿ ಕಣ್ಣಿಗೆ ಹೂ ಬಿದ್ದವರನ್ನು ವಿಚಾರಿಸಿದರೆ, ಇಂತಹ ಅಲ್ಪವಾದ ಗೀರಿನಿಂದಲೇ ದೃಷ್ಟಿ ಕಳೆದುಕೊಂಡವರು ಸಿಕ್ಕುತ್ತಾರೆ.

ಕರಿಗುಡ್ಡೆಯ ಮುಂದೆ ಗಡಿಯಾರದ ಗಾಜಿನಂತೆ ಇರುವ ಪಾರದರ್ಶಕವಾದ ಪೊರೆಗೆ ಕಾರ್ನಿಯಾ ಎಂದು ಹೆಸರು. ಇದರ ಮೇಲ್ಪದರವು ಅಖಂಡವಾಗಿರುವವರೆಗೂ ರೋಗಾಣುಗಳಿಗೆ ಪ್ರವೇಶವು ಕಷ್ಟ; ಗೀರು ಬಿದ್ದೊಡನೆ ದಾರಿ ತೆರೆಯುತ್ತದೆ. ಸಸ್ಯದ ಚೂರಿನ ಸಂಗಡ ಬೂಷ್ಟೂ ಒಳಸೇರಬಹುದು. ತೊಗರಿಯ ಸೊರಗುರೋಗಕ್ಕೆ ಕಾರಣವಾದ ಫ್ಯುಸೇರಿಯಂ ಕುಲದ ಬೂಷ್ಟುಗಳೂ, ಒದ್ದೆಯಾದ ಕಾಳಿನ ಮೇಲೆ ಬೆಳೆಯುವ ಆಸ್ಪರ್ಜಿಲಸ್ ಕುಲದವುಗಳೂ ಮನುಷ್ಯನ ಕಣ್ಣಿನಲ್ಲಿಯೂ ಬೇರೂರಬಲ್ಲವೆಂದರೆ ರೈತರಿಗೆ ಆಶ್ಚರ್ಯವಾಗಬಹುದು. ಆದರೂ ಅದು ನಿಜ. ಬೂಷ್ಟಿನ ಹುಣ್ಣು ನಿಧಾನವಾಗಿ ಹಬ್ಬತಕ್ಕದ್ದು. ಮೊದಲು ತಗ್ಗಿದ ನೋವು ಕೆಲವು ದಿನಗಳ ಮೇಲೆ ಮರಳಿ, ಕಣ್ಣು ಕೆಂಪಾಗಿ, ಕರಿಗುಡ್ಡೆಯ ಮೇಲೆ ಬಿಳಿಯ ಚುಕ್ಕೆ ಕಾಣುತ್ತದೆ. ಆಗ ನಾಟಮೈಸಿನ್ ಮುಂತಾದ ಔಷಧಗಳನ್ನು ವಾರಗಟ್ಟಲೆ ಹಾಕಿದರೂ ದೃಷ್ಟಿಯು ಪೂರ್ಣವಾಗಿ ಮರಳುವುದೆಂಬ ಭರವಸೆಯಿಲ್ಲ.

ಮೊದಲ ದಿನದ ಬೆಲೆ ಎಷ್ಟೆಂಬುದು ನೇಪಾಳದ ಭಕ್ತಪುರ ಜಿಲ್ಲೆಯಲ್ಲಿ ನಡೆದು 2001ರಲ್ಲಿ ಪ್ರಕಟವಾದ ಪರಿಶೀಲನೆಯಿಂದ ಸ್ಪಷ್ಟವಾಗುತ್ತದೆ. ಅಲ್ಲಿ ಕಾರ್ನಿಯಾ ಗೀರಿದ 442 ಜನರಿಗೆ ಶೇಕಡ 1ರ ಕ್ಲೋರಾಂಫೆನಿಕಾಲ್ ಮುಲಾಮನ್ನು ದಿನಕ್ಕೆ ಮೂರಾವರ್ತಿ ಮೂರು ದಿನ ಹಚ್ಚಿದರು. 18 ಗಂಟೆಯೊಳಗೆ ಬಂದ 284 ಜನರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. 18ರಿಂದ 24 ಗಂಟೆಯೊಳಗೆ ಬಂದ 109 ಜನರಲ್ಲಿ ನಾಲ್ವರಿಗೂ, ಅದಕ್ಕೂ ತಡವಾಗಿ, ಎರಡನೆಯ ದಿನ ಬಂದ 49 ಜನರಲ್ಲಿ 14 ಮಂದಿಗೂ ಸೋಂಕು ತಗಲಿತು. ಮುಲಾಮು ಒಂದೇ, ಭೇದವೆಲ್ಲ ಕಾಲದ್ದು.

ಈ ತಡಕ್ಕೆ ಆಳಿನ ಅಜ್ಞಾನವೊಂದೇ ಕಾರಣವೆನ್ನುವುದು ನ್ಯಾಯವಲ್ಲ. ಕಣ ಬಿಟ್ಟು ಹೋದರೆ ಆ ದಿನದ ಕೂಲಿ ಹೋಗುತ್ತದೆ. ಆದುದರಿಂದ ಕಣ್ಣಿಗೆ ಪೆಟ್ಟಾದವನನ್ನು ಯಜಮಾನರು ಅದೇ ದಿನ ಆಸ್ಪತ್ರೆಗೆ ಕಳುಹಿಸಿ, ಕೂಲಿಯನ್ನು ಹಿಡಿಯದೆ ಕೊಡತಕ್ಕದ್ದು. ಕಳುಹಿಸುವ ಮೊದಲು ಕಣ್ಣನ್ನು ಉಜ್ಜಲು ಬಿಡದೆ ಶುದ್ಧವಾದ ನೀರಿನಿಂದ ತೊಳೆಯಿಸಬೇಕು. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ, ನಾಲಗೆಯಿಂದ ಕಸ ತೆಗೆಯಿಸುವುದು, ಇವು ಯಾವುವೂ ಕೂಡದು. ಇವುಗಳಿಗಿಂತ ಹೆಚ್ಚಾಗಿ ನಾನು ಹೆದರುವುದು ಔಷಧದ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಳ್ಳುವ ಸ್ಟೀರಾಯಿಡ್ ಹನಿಗಳಿಗೆ. ಅವು ಕೆಂಪನ್ನು ಇಳಿಸಿ ಸಮಾಧಾನವನ್ನುಂಟುಮಾಡುತ್ತವೆ. ಒಳಗೆ ಬೂಷ್ಟು ಹುಲುಸಾಗಿ ಬೆಳೆಯುತ್ತದೆ.

ಸುಣ್ಣ ಬಿದ್ದ ಕಣ್ಣಿನ ಮಾತು ಬೇರೆ. ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿದ್ಧಪಡಿಸುವಾಗ ಇದು ಸಂಭವಿಸಬಹುದು. ಸುಣ್ಣವು ಕಣ್ಣನ್ನು ಸುಡುತ್ತ ಒಳಕ್ಕೆ ಇಳಿಯುವುದರಿಂದ, ಗಾಡಿ ಹುಡುಕುವುದಕ್ಕೂ ಮೊದಲು, ಇದ್ದಲ್ಲಿಯೇ ರೆಪ್ಪೆಗಳನ್ನು ಬಿಡಿಸಿ, ಒಳಗೆ ಕುಳಿತ ಹರಳುಗಳು ಹೋಗುವಂತೆ, ಅರ್ಧ ಗಂಟೆ ನೀರನ್ನು ಧಾರೆಯಾಗಿ ಸುರಿಯಬೇಕು. ಕಳ್ಳಿಯ ಹಾಲು, ಎಕ್ಕದ ಹಾಲು, ಕೀಟನಾಶಕಗಳು ಸಿಡಿದಾಗಲೂ ಮೊದಲ ಚಿಕಿತ್ಸೆ ನೀರೇ.

ಕಣ್ಣಿನ ಗುಡ್ಡೆಯೇ ಸೀಳಿದ್ದರೆ, ಅಥವಾ ಮುಳ್ಳು ನಾಟಿಕೊಂಡಿದ್ದರೆ, ತೊಳೆಯಬಾರದು, ಒತ್ತಬಾರದು, ನಾಟಿದ್ದನ್ನು ಕೀಳಬಾರದು. ಸಣ್ಣ ಬಟ್ಟಲೊಂದನ್ನು ಸುತ್ತಲಿನ ಎಲುಬಿನ ಮೇಲೆ ನಿಲ್ಲುವಂತೆ ಮುಚ್ಚಿ, ಬಟ್ಟೆಯಿಂದ ಕಟ್ಟಿ, ನೇತ್ರವೈದ್ಯರಿರುವ ಆಸ್ಪತ್ರೆಗೆ ತಡಮಾಡದೆ ಕರೆದೊಯ್ಯಬೇಕು. ಹಾರೆ, ಗುದ್ದಲಿಗಳನ್ನು ಬಡಿಯುವಾಗ ಸಿಡಿದ ಕಬ್ಬಿಣದ ಚೂರು ಹೆಚ್ಚು ನೋವಿಲ್ಲದೆಯೇ ಕಣ್ಣನ್ನು ಹೊಕ್ಕಿರಬಹುದಾದ್ದರಿಂದ ಅಂತಹವನನ್ನೂ ವೈದ್ಯರಿಗೆ ತೋರಿಸತಕ್ಕದ್ದು. ಒಕ್ಕಣೆಯ ಯಂತ್ರಕ್ಕೆ ತೆನೆ ಕೊಡುವವರಿಗೂ, ಕಬ್ಬಿನ ಗರಿ ಸುಲಿಯುವವರಿಗೂ ಪಕ್ಕ ಮುಚ್ಚಿದ ಕನ್ನಡಕಗಳನ್ನು ಸುಗ್ಗಿಗೆ ಮೊದಲೇ ತಂದಿಟ್ಟಲ್ಲಿ, ಅವುಗಳ ಖರ್ಚು ಒಂದು ಜೊತೆ ಎತ್ತಿನ ಲಾಳದ ಖರ್ಚಿನಂತೆಯೇ ಬೇಸಾಯದ ಲೆಕ್ಕಕ್ಕೆ ಸೇರತಕ್ಕದ್ದು.