ಹಡಗಿನ ದುಡಿಮೆ ಮತ್ತು ದೇಹಾರೋಗ್ಯ

ರಾಮದುರ್ಗ ತಾಲೂಕಿನ ನಮ್ಮ ಸಾಲಹಳ್ಳಿ ಕಡಲನ್ನು ಕಾಣದ ಊರು. ಆದರೂ ಇಂಥ ಒಳನಾಡಿನ ತರುಣರು ಇಂದು ಪ್ರವಾಸಿ ಹಡಗುಗಳಲ್ಲಿ ಅಡಿಗೆ ಮಾಡುವ, ಬಡಿಸುವ, ಕೋಣೆಗಳನ್ನು ಒಪ್ಪವಾಗಿಡುವ ಕೆಲಸಗಳನ್ನು ಅರಸುತ್ತಾರೆ. 'ಅಲ್ಲಿ ಹುಡುಗ ಮೈ ಹೆಂಗ ಕಾಯ್ಕೋಬೇಕ್ರಿ ಸರ?' ಎಂದು ಹಿರಿಯರು ನನ್ನನ್ನು ಕೇಳುವುದುಂಟು. ನಾನು ವೈದ್ಯನಲ್ಲ, ಓದಿ ತಿಳಿದುದನ್ನು ಇಲ್ಲಿ ಅರಿಕೆ ಮಾಡುತ್ತೇನೆ.

ಹಡಗಿನ ಅನೇಕ ರೋಗಗಳ ಬೇರು ಅಲ್ಲಿಯ ಜೀವನಕ್ರಮದಲ್ಲಿಯೇ ಇದೆ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ನೌಕಾವೈದ್ಯನು, ಸ್ಕರ್ವಿ ರೋಗದಿಂದ ಒಸಡು ಕೊಳೆತು ಮಲಗಿದ್ದ ಹನ್ನೆರಡು ನಾವಿಕರಿಗೆ ಇಬ್ಬಿಬ್ಬರಂತೆ ಬೇರೆ ಬೇರೆ ಉಪಚಾರ ಮಾಡಿದನು. ಕಿತ್ತಳೆ, ನಿಂಬೆಜಾತಿಯ ಹಣ್ಣು ತಿಂದ ಇಬ್ಬರು ಬೇಗನೆ ಚೇತರಿಸಿಕೊಂಡರು. ಕೊರತೆಯಿದ್ದುದು ಅವರ ತಟ್ಟೆಯಲ್ಲಿ.

ಇಂದಿನ ಹಡಗಿನಲ್ಲಿ ಅನ್ನಕ್ಕೆ ಕೊರತೆಯಿಲ್ಲ, ಕೊರತೆ ನಿದ್ರೆಗೆ. ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳ ಕರಾರು, ವಾರದ ರಜೆಯಿಲ್ಲದ ದುಡಿಮೆ, ಇಕ್ಕಟ್ಟಾದ ಕೋಣೆ. ಆದುದರಿಂದಲೇ 2006ರ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದವು ವಿಶ್ರಾಂತಿಗೂ ಲೆಕ್ಕವಿಟ್ಟಿದೆ. ಭಾರತವು 2015ರಲ್ಲಿ ಅದನ್ನು ಅಂಗೀಕರಿಸಿತು. ಅದರ ಪ್ರಕಾರ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಸಲ್ಲಬೇಕು. ದಿನದ ವಿಶ್ರಾಂತಿಯನ್ನು ಎರಡು ಭಾಗವಾಗಿ ಒಡೆದರೂ ಒಂದು ಭಾಗ 6 ಗಂಟೆಗೆ ಕಡಿಮೆಯಾಗಬಾರದು. ಆ ಆರು ಗಂಟೆಯನ್ನು ಹರಟೆಗೆ, ಫೋನಿಗೆ ತೆತ್ತವನಿಗೆ ಯಾವ ವ್ಯಾಯಾಮವೂ ಕೈಹಿಡಿಯದು. ವಿಶ್ರಾಂತಿಯ ದಾಖಲೆಗೆ ಸಹಿ ಮಾಡುವಾಗ ಅದರಲ್ಲಿರುವುದು ನಿಜವೇ ಎಂದು ನೋಡಬೇಕು. ಅದರ ಪ್ರತಿ ನಾವಿಕನಿಗೂ ಸಲ್ಲತಕ್ಕದ್ದು.

ಉಳಿದುದು ಸರಳ. ಕರಿದ ತಿನಿಸಿನ ಬದಲು ಬೇಳೆ, ಕಾಯಿಪಲ್ಲೆ, ಹಣ್ಣು. ಬಿಡುವಿನಲ್ಲಿ ಮೇಲಂತಸ್ತಿನ ಬಿಸಿಲು, ಗಾಳಿ. ಲಿಫ್ಟಿಗೆ ಬದಲಾಗಿ ಮೆಟ್ಟಿಲು. ಹಡಗು ಹೊಯ್ದಾಡುವಾಗ ಮಾತ್ರ ಭಾರವೆತ್ತುವ ಸಾಹಸ ಬೇಡ.

ಎಲ್ಲಕ್ಕಿಂತ ಮುಖ್ಯವಾದುದು, ಬೇನೆಯನ್ನು ಬಚ್ಚಿಡದಿರುವುದು. ವಾಂತಿಭೇದಿ ತರುವ ನೊರೊವೈರಸ್ ಹಡಗಿನಲ್ಲಿ ಬೇಗ ಹರಡುತ್ತದೆ. ಅದಕ್ಕೆ ಕೈಗೆ ಸವರುವ ಸ್ಯಾನಿಟೈಸರ್ ಸಾಲದು, ಸಾಬೂನು ನೀರೇ ಬೇಕು. 2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ತಡೆಹಿಡಿದ 'ಡೈಮಂಡ್ ಪ್ರಿನ್ಸೆಸ್' ಹಡಗಿನ 3,711 ಜನರಲ್ಲಿ 700ಕ್ಕೂ ಹೆಚ್ಚು ಮಂದಿಗೆ ಕೊರೋನಾ ತಗುಲಿತು. ಪ್ರಯಾಣಿಕರು ಕೋಣೆ ಸೇರಿದ ಮೇಲೂ ಸಿಬ್ಬಂದಿ ಅವರಿಗೆ ಊಟ ಒಯ್ಯುತ್ತಲೇ ಇದ್ದರು. ಅವರಲ್ಲಿ 132 ಜನ ಭಾರತೀಯರು. ಕೂಲಿ ತಪ್ಪೀತೆಂಬ ಅಂಜಿಕೆಯಿಂದ ಜ್ವರವನ್ನು ಮುಚ್ಚಿಡುವವನು ಜೊತೆಗಾರರನ್ನೂ ಅಪಾಯಕ್ಕೆ ಒಡ್ಡುತ್ತಾನೆ. ಹಡಗಿನಲ್ಲಿ ಚಿಕಿತ್ಸೆ ಪುಕ್ಕಟೆಯಾಗಿ ದೊರೆಯಬೇಕೆಂದು ಅದೇ ಒಪ್ಪಂದ ವಿಧಿಸಿದೆ. ಅದು ದಾನವಲ್ಲ, ದುಡಿಯುವವನ ಹಕ್ಕು. ಹುಡುಗನನ್ನು ಕಳಿಸಿಕೊಡುವಾಗ ಬುತ್ತಿಯೊಡನೆ ಈ ಮಾತನ್ನೂ ಕಟ್ಟಿಕೊಡಿರಿ.

(ಬಾನುಲಿ ಭಾಷಣ)