ಅಜ್ಜಿಯ ಮಾತು ತುಂಡಾಗದಿರಲಿ



ಮಾರ್ಕೆಟ್ ಯಾರ್ಡ್ ಹತ್ತಿರದ ನಮ್ಮ ಮನೆಯಿಂದ ಪ್ರತಿ ಭಾನುವಾರ ರಾತ್ರಿ ಎಂಟಕ್ಕೆ ಬ್ಯಾಡಗಿ ಕಡೆಯ ಹಳ್ಳಿಗೆ ಇಂಟರ್‌ನೆಟ್ ಮೂಲಕ ಫೋನು ಹೋಗುತ್ತದೆ. ಪುಣೆಯಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಅಜ್ಜಿಯೊಡನೆ ಮಾತಾಡುವ ಹೊತ್ತು ಅದು. ಕೆಲವು ತಿಂಗಳ ಹಿಂದೆ ಮಾತು ಕಡಿಯತೊಡಗಿತು. ಅಜ್ಜಿ ಕೇಳಿದ ಪ್ರಶ್ನೆ ಇಲ್ಲಿಗೆ ತಡವಾಗಿ ಬರುತ್ತಿತ್ತು, ಉತ್ತರ ಅಲ್ಲಿಗೆ ಇನ್ನೂ ತಡ. “ಯಾಕವ್ವಾ, ಸುಮ್ನಾದಿ? ನಾ ಅಂದದ್ದು ತಿಳೀಲಿಲ್ಲೇನು?” ಎಂದರು ಅಜ್ಜಿ. ಮೊಮ್ಮಗಳಿಗೆ ಕನ್ನಡ ಮರೆತುಹೋಯಿತೆಂದೇ ಅವರು ಬಗೆದಿದ್ದರು. ಹುಡುಗಿಯ ಮುಖ ಸಣ್ಣದಾಯಿತು. ತಪ್ಪು ಅವಳದಲ್ಲ, ಮೂಲೆಯಲ್ಲಿ ದೀಪ ಮಿಣುಕಿಸುತ್ತ ಕುಳಿತಿದ್ದ ರೌಟರಿನದು.

ಹಳದಿ ಬೋರ್ಡಿನ ಎಸ್.ಟಿ.ಡಿ. ಬೂತ್ ಮುಂದೆ ಸಾಲು ನಿಂತ ತಲೆಮಾರು ನಮ್ಮದು. ಭಾರತದಲ್ಲಿ ಇಂಟರ್‌ನೆಟ್ ಟೆಲಿಫೋನಿಗೆ ಅನುಮತಿ ಸಿಕ್ಕಿದ್ದೇ 2002ರ ಏಪ್ರಿಲ್ 1ರಿಂದ. ಇಂದು ಮಾತಿಗೆ ಕಾಸಿಲ್ಲ, ಆದರೆ ಮಾತು ನೆಟ್ಟಗೆ ತಲುಪಬೇಕಲ್ಲ!

“ಸ್ಪೀಡ್ ಹೆಚ್ಚಿಸಿಕೊಳ್ಳಿ” ಎಂದು ಎಲ್ಲರೂ ಹೇಳುತ್ತಾರೆ. ಸ್ವಲ್ಪ ಲೆಕ್ಕ ಹಾಕಿ ನೋಡಿ. ಸಾಮಾನ್ಯವಾಗಿ ಧ್ವನಿಯನ್ನು 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ, ಸೆಕೆಂಡಿಗೆ 50 ಪೊಟ್ಟಣಗಳಂತೆ ಕಳಿಸುತ್ತಾರೆ. ಹಳೆಯ ಜಿ.711 ವಿಧಾನಕ್ಕೂ ಒಂದೊಂದು ದಿಕ್ಕಿಗೆ 100 ಕಿಲೋಬಿಟ್‌ಗಿಂತ ಕಡಿಮೆ ಸಾಕು. ಧ್ವನಿಗೆ ಬೇಕಾದದ್ದು ಅಗಲ ರಸ್ತೆಯಲ್ಲ, ಕಾಯದೆ ಸಾಗುವ ದಾರಿ. ಒಮ್ಮುಖ ವಿಳಂಬ 150 ಮಿಲಿಸೆಕೆಂಡಿನೊಳಗಿದ್ದರೆ ಸಂಭಾಷಣೆ ಸಹಜವಾಗಿರುತ್ತದೆ ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾರ್ಗಸೂಚಿ.

ಬೆಳಗಿನ ಜಾವ ಯಾರ್ಡಿನ ಗೇಟು ನೋಡಿದ್ದೀರಲ್ಲ? ಈರುಳ್ಳಿ ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಂಡ ಸ್ಕೂಟರಿನಂತೆ ನಮ್ಮ ಮಾತು. ನಮ್ಮ ಮನೆಯ ಲಾರಿ ಯಾವುದು ಗೊತ್ತೇ? ರಾತ್ರಿ ಎಂಟಕ್ಕೇ ಅಂಗಡಿಯ ಕ್ಯಾಮೆರಾ ಚಿತ್ರಗಳ ಪ್ರತಿ ಮನೆಯ ಕಂಪ್ಯೂಟರಿನಿಂದ ಕ್ಲೌಡಿಗೆ ಹೋಗುತ್ತಿತ್ತು!

ನಿಮ್ಮ ಮನೆಯಲ್ಲಿ ಈ ಕೆಲಸ ಮಾಡಬಲ್ಲವರು ನೀವೇ. ಹೀಗೆ ಮಾಡಿ.

ಮೊದಲು ರೋಗ ಪತ್ತೆಹಚ್ಚಿ. ಕಂಪ್ಯೂಟರನ್ನು ಕೇಬಲ್ ಮೂಲಕ ರೌಟರಿಗೆ ಜೋಡಿಸಿ ‘ಪಿಂಗ್’ ಓಡಿಸಿ, ಜೊತೆಗೇ ದೊಡ್ಡ ಫೈಲೊಂದನ್ನು ಅಪ್‌ಲೋಡ್ ಮಾಡಿ. ಹತ್ತಾರು ಮಿಲಿಸೆಕೆಂಡ್ ಇದ್ದದ್ದು ನೂರಾರಕ್ಕೆ ಜಿಗಿದರೆ ತೊಂದರೆ ಸರತಿಯದು. ಕೇಬಲಿನಲ್ಲಿ ಚೆನ್ನಾಗಿದ್ದು ವೈಫೈನಲ್ಲಿ ಕೆಟ್ಟರೆ ತೊಂದರೆ ಗಾಳಿಯದು.

ಸರತಿಯಾದರೆ, ರೌಟರಿನ ಪುಟದಲ್ಲಿ ಎಸ್‌ಕ್ಯೂಎಂ ಅಥವಾ ಕ್ಯೂಒಎಸ್ ಹುಡುಕಿ. ಸಂಜೆ ಹೊತ್ತು ಅಳೆದ ಅಪ್‌ಲೋಡ್ ವೇಗದ ಶೇ. 85ರಿಂದ 90ರಷ್ಟನ್ನು ಮಿತಿಯಾಗಿ ಕೊಡಿ. ಆಗ ಸರತಿ ನಿಮ್ಮ ರೌಟರಿನ ಹಿಡಿತದಲ್ಲೇ ಉಳಿಯುತ್ತದೆ, ಅದು ಸ್ಕೂಟರನ್ನು ಮುಂದೆ ಬಿಡುತ್ತದೆ. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ 2012ರಲ್ಲಿ ಪ್ರಕಟಿಸಿದ ‘ಕೋಡೆಲ್’ ಉಪಾಯವೇ ಇಂಥ ಹಲವು ವ್ಯವಸ್ಥೆಗಳಿಗೆ ಬುನಾದಿ. ಸೌಲಭ್ಯವಿಲ್ಲದಿದ್ದರೆ ಬ್ಯಾಕಪ್ಪಿನ ಹೊತ್ತನ್ನು ಮಧ್ಯರಾತ್ರಿಗೆ ಬದಲಿಸಿ.

ಗಾಳಿಯಾದರೆ, ರೌಟರಿನ ಸಮೀಪ 5 ಗಿಗಾಹರ್ಟ್ಸ್ ಬಳಸಿ. ದೂರದ ಕೋಣೆಗೆ 2.4 ಬೇಕೇಬೇಕೆಂದರೆ 1, 6, 11ನೇ ಚಾನೆಲ್‌ಗಳಲ್ಲಿ ಗದ್ದಲ ಕಡಿಮೆಯಿರುವುದನ್ನು ಆರಿಸಿ. ಕಬ್ಬಿಣದ ಕಪಾಟಿನೊಳಗೆ ರೌಟರ್ ಇಡಬೇಡಿ.

ಮೇಜಿನ ಐಪಿ ಫೋನ್ ಇದ್ದವರಿಗೆ ಇನ್ನೊಂದು ಮಾತು. ಕರೆ ಕೂಡಿಸುವ ಸಂದೇಶ ‘ಸಿಪ್’ ಎಂಬ ನಿಯಮದಂತೆ ಹೋದರೆ, ಧ್ವನಿ ಬೇರೆಯೇ ಹಾದಿ ಹಿಡಿಯುತ್ತದೆ. ಆದ್ದರಿಂದಲೇ ಗಂಟೆ ಬಾರಿಸಿಯೂ ಒಬ್ಬರ ದನಿ ಮಾತ್ರ ಕೇಳುವುದುಂಟು. ನೆರವಿಗೆಂದು ಇಟ್ಟ ‘ಸಿಪ್ ಎಎಲ್‌ಜಿ’ ಎಷ್ಟೋ ವೇಳೆ ವಿಳಾಸಗಳನ್ನು ತಪ್ಪಾಗಿ ತಿದ್ದುತ್ತದೆ. ಅದನ್ನು ಆರಿಸಿ ನೋಡಿ. ಫೈಬರ್ ಪೆಟ್ಟಿಗೆಯ ಹಿಂದೆ ಎರಡನೇ ರೌಟರ್ ಇದ್ದರೆ ಅದನ್ನು ಆ್ಯಕ್ಸೆಸ್ ಪಾಯಿಂಟ್ ಆಗಿ ಬದಲಿಸಿ. ಆದರೆ ಮೇಲೆ ಹೇಳಿದ ಮಿತಿಯನ್ನು ಆ ರೌಟರಿನಲ್ಲೇ ಹಾಕಿದ್ದರೆ ಬದಲಿಸಬೇಡಿ, ಫೈಬರ್ ಪೆಟ್ಟಿಗೆಯನ್ನೇ ಬ್ರಿಡ್ಜ್ ಮಾಡಿಸಿ. ಯಾರೋ ಹೇಳಿದರೆಂದು 5060ನೇ ಪೋರ್ಟನ್ನು ಲೋಕಕ್ಕೆಲ್ಲ ತೆರೆದಿಡಬೇಡಿ. ಕಳ್ಳರು ನಿಮ್ಮ ಖರ್ಚಿನಲ್ಲಿ ಫೋನ್ ಮಾಡಿಯಾರು.

ಕೊನೆಯದಾಗಿ, ಫೈಬರ್ ಪೆಟ್ಟಿಗೆ ಮತ್ತು ರೌಟರ್ ಎರಡಕ್ಕೂ ಪುಟ್ಟ ಯುಪಿಎಸ್ ಇರಲಿ. ಆಪತ್ತಿಗೆ 112 ಒತ್ತಲು ಮೊಬೈಲ್ ಕೈಯಲ್ಲೇ ಇರಲಿ. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಹಳೆಯ ಸೆಟ್ಟಿಂಗನ್ನು ಬರೆದಿಟ್ಟುಕೊಳ್ಳಿ.

ನಮ್ಮ ಮನೆಯಲ್ಲಿ ಮಗಳೇ ಮಿತಿ ಹಾಕಿ, ಬ್ಯಾಕಪ್ಪಿನ ಹೊತ್ತು ಬದಲಿಸಿದಳು. ಮುಂದಿನ ಭಾನುವಾರ ಅಜ್ಜಿ ಈ ಸಲದ ಮೆಣಸಿನಕಾಯಿ ಬೆಳೆಯ ಕಥೆ ಶುರುಮಾಡಿದರು. ಅವಳು ನಡುವೆ ತಡೆದು, “ಅಜ್ಜೀ, ‘ಕಣ’ ಅಂದ್ರೇನು?” ಎಂದಳು. ಅಜ್ಜಿ ಒಡನೆಯೇ ನಕ್ಕು ವಿವರಿಸಿದರು. ತಿಳಿಯದ ಮಾತನ್ನು ಆಗಲೇ ಕೇಳಿ ತಿಳಿದುಕೊಳ್ಳುವ ಅವಕಾಶ ಇದ್ದರೆ ತಾನೇ ಭಾಷೆ ಬರುವುದು?

ಈ ಭಾನುವಾರ ನಿಮ್ಮ ಮನೆಯ ರೌಟರನ್ನೂ ಒಮ್ಮೆ ನೋಡಿ. ಆಮೇಲೆ ಅಜ್ಜಿಗೆ ಫೋನ್ ಮಾಡಲು ಮರೆಯಬೇಡಿ!